ದಾರಿಯಲ್ಲಿ ಯಾರೂ ಸಾಯುವುದಿಲ್ಲ

ನಾನು ಕೆಲಸ ಮಾಡುವ ಹಿಂದೂಪುರದ ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಅದನ್ನು ಎಲ್ಲೂ ಬರೆದು ಅಂಟಿಸಿರಲಿಲ್ಲ, ಯಾರೂ ಕೂರಿಸಿಕೊಂಡು ಹೇಳಿಕೊಡುತ್ತಲೂ ಇರಲಿಲ್ಲ. ಆದರೂ ಹೊಸದಾಗಿ ಸೇರಿದ ನರ್ಸಿಗೆ ಸ್ವಲ್ಪ ದಿನದಲ್ಲೇ ಅದು ತಿಳಿದುಬಿಡುತ್ತಿತ್ತು. ದಾರಿಯಲ್ಲಿ ಯಾರೂ ಸಾಯುವುದಿಲ್ಲ, ಅಷ್ಟೇ.

ಇದನ್ನು ಬಿಡಿಸಿ ಹೇಳಬೇಕು. ಇನ್ನು ನಮ್ಮ ಕೈಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಕಡೆಯ ಜನ ರೋಗಿಯನ್ನು ಆಸ್ಪತ್ರೆಯಲ್ಲಿ ಬಿಡುವುದಿಲ್ಲ. ಊರಿಗೆ ಕರೆದುಕೊಂಡು ಹೋಗುತ್ತೇವೆ ಅನ್ನುತ್ತಾರೆ. ಕೊನೆಯ ಉಸಿರು ಮನೆಯಲ್ಲೇ ಹೋಗಲಿ ಅನ್ನುವ ಆಸೆ ಒಂದು ಕಡೆ. ಇನ್ನೊಂದು ಕಡೆ ಕಟ್ಟಳೆ. ಹೊರಗೆ ಪ್ರಾಣ ಬಿಟ್ಟವರನ್ನು ಎಷ್ಟೋ ಮನೆಗಳಲ್ಲಿ ಹೊಸಿಲು ದಾಟಿಸಿ ಒಳಗೆ ತರುವುದಿಲ್ಲ. ಸತ್ತವರೇ ಕಟ್ಟಿಸಿದ ಮನೆಯಾದರೂ ಬೀದಿಯ ಚಪ್ಪರದ ಕೆಳಗೆ ಮಲಗಿಸಿ ಅಲ್ಲಿಂದಲೇ ಕಳಿಸಿಬಿಡುತ್ತಾರೆ. ಅದಕ್ಕಾಗಿ ರೋಗಿಯನ್ನು ವೆಂಟಿಲೇಟರಿನಿಂದ ಬಿಡಿಸಿದರೂ ಗಂಟಲಿನ ಕೊಳವೆಯನ್ನು ಹಾಗೇ ಬಿಟ್ಟು, ಅದರ ತುದಿಗೆ ರಬ್ಬರಿನ ಚೀಲವೊಂದನ್ನು ಸಿಕ್ಕಿಸುತ್ತೇವೆ. ಅದಕ್ಕೆ ಆಂಬು ಬ್ಯಾಗ್ ಅನ್ನುತ್ತೇವೆ. ಕೈಯಲ್ಲಿ ಒತ್ತಿದರೆ ಗಾಳಿ ಒಳಗೆ ಹೋಗುತ್ತದೆ, ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಒಬ್ಬ ನರ್ಸು ಆಂಬುಲೆನ್ಸಿನಲ್ಲಿ ಕೂತು ಆ ಚೀಲವನ್ನು ಒತ್ತುತ್ತಾ ರೋಗಿಯ ಮನೆತನಕ ಹೋಗುತ್ತಾಳೆ. ಮನೆಯವರೆಲ್ಲ ಬಾಯಿಗೆ ತೀರ್ಥ ಬಿಟ್ಟ ಮೇಲೆ ಕೊಳವೆ ತೆಗೆಯುತ್ತಾಳೆ.

ರೋಗಿಯ ಗುಂಡಿಗೆ ದಾರಿಯಲ್ಲೇ ನಿಂತುಹೋದರೆ? ನಿಂತರೂ ಒತ್ತುತ್ತಲೇ ಇರಬೇಕು. ಮನೆಯವರಿಗೆ ನೆಮ್ಮದಿ, ಆಸ್ಪತ್ರೆಗೆ ಒಳ್ಳೆಯ ಹೆಸರು, ಡ್ರೈವರಿಗೆ ತಾಪತ್ರಯವಿಲ್ಲ. ನರ್ಸಿಗೆ ಏನು ಅಂತ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ನನ್ನನ್ನು ಬಲ್ಲವರು ಇದನ್ನು ನಂಬುವುದು ಕಷ್ಟ. ನಾನು ಬಾಯಿ ಮುಚ್ಚಿಕೊಂಡಿರುವವರ ಪೈಕಿಯವಳಲ್ಲ. ಹಿಂದೂಪುರದ ನೇಯ್ಗೆಯವರ ಬೀದಿಯಲ್ಲಿ ಹುಟ್ಟಿದವಳು. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿಯೇ ಬೆಳೆದದ್ದು. ಕ್ಯಾಂಟೀನಿನವನು ಸಾಂಬಾರಿಗೆ ನೀರು ಬೆರೆಸಿದ ಎಂದು ಜಗಳ ತೆಗೆದು ಅವನ ಕೈಲಿ ಬೇರೆ ಸಾಂಬಾರು ಮಾಡಿಸಿದವಳು ನಾನು. ಅಂಥವಳು ಈ ಒಂದು ವಿಷಯಕ್ಕೆ ಮಾತ್ರ ತೆಪ್ಪಗಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ.

ಆ ದಿನ ನನ್ನ ಪಾಲಿಗೆ ಬಂದದ್ದು ಕಲ್ಯಾಣದುರ್ಗದ ರೋಗಿ. ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಹಿರಿಯರು, ಹಣೆ ತುಂಬ ವಿಭೂತಿ ಇಡುವ ಮನೆತನ. ಹೆಂಡತಿಯ ತವರು ನಮ್ಮೂರಿನ ಪಕ್ಕದ ಪರಿಗಿಯ ಹತ್ತಿರ. ಅಲ್ಲಿಗೆ ಮದುವೆಗೆಂದು ಬಂದವರು ಊಟದ ಎಲೆಯ ಮುಂದೆಯೇ ಕುಸಿದುಬಿದ್ದಿದ್ದರು. ತಲೆಯೊಳಗೆ ರಕ್ತನಾಳ ಒಡೆದಿತ್ತು. ನಮ್ಮಲ್ಲಿಗೆ ತಂದಾಗಲೇ ಜ್ಞಾನವಿರಲಿಲ್ಲ, ಆಮೇಲೂ ಬರಲಿಲ್ಲ. ಕೊನೆಗೆ ಡಾಕ್ಟರು ಕೈಚೆಲ್ಲಿದರು. ರೋಗಿಯ ಅಣ್ಣ, ಎತ್ತರದ ಬಿಗಿಮುಖದ ಯಜಮಾನರು, ಮನೆಯಲ್ಲಿ ಎಲ್ಲ ಸಿದ್ಧಮಾಡಿಸಬೇಕೆಂದು ಮೊದಲೇ ಕಾರಿನಲ್ಲಿ ಹೊರಟುಹೋದರು. ಆಂಬುಲೆನ್ಸಿನ ಹಿಂದುಗಡೆ ಉಳಿದದ್ದು ರೋಗಿ, ಅವರ ಹೆಂಡತಿ, ನಾನು. ಬೆಳಿಗ್ಗೆಯ ಹೊತ್ತು, ಬಿಸಿಲು ಇನ್ನೂ ಏರಿರಲಿಲ್ಲ.

ಹೊರಡುವ ಮುಂಚೆ ನಮ್ಮ ಇನ್‌ಚಾರ್ಜ್ ಸಿಸ್ಟರು ಬಾಗಿಲ ಹತ್ತಿರ ಬಂದು ನನ್ನ ಭುಜ ತಟ್ಟಿದರು. "ಜಾಗ್ರತ್ತಮ್ಮಾ" ಅಂದರು ತೆಲುಗಿನಲ್ಲಿ. ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು.

ಮಡಕಶಿರಾ ದಾಟುವ ತನಕ ಆ ತಾಯಿ ಗಂಡನ ಪಾದ ಹಿಡಿದುಕೊಂಡು ಕೂತಿದ್ದರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು, "ನಿಮ್ಗೆ ಕನ್ನಡ ಬತ್ತದಾ ಸಿಸ್ಟರಮ್ಮ?"

"ಮನೇಲೆಲ್ಲ ಕನ್ನಡಾನೇ ಕಣಮ್ಮ."

"ಇವ್ರಿಗೆ ಈಗ ನಾವು ಮಾತಾಡಿದ್ದು ಕೇಳುಸ್ತೈತಾ?"

ಡಾಕ್ಟರು ಆಗಲೇ ಇಲ್ಲ ಅಂದಿದ್ದರು. ಆದರೂ ಎಲ್ಲ ನರ್ಸುಗಳೂ ಹೇಳುವ ಮಾತನ್ನೇ ನಾನೂ ಹೇಳಿದೆ. "ಮಾತಾಡ್ಸಿ ಅಮ್ಮ, ಕೇಳುಸ್ತಿರ್ಬೋದು."

ಹಿಂದೂಪುರದಿಂದ ಆ ದಾರಿ ಹಿಡಿದರೆ ನಡುವೆ ಕರ್ನಾಟಕದ ಪಾವಗಡ ಹಾದು ಮತ್ತೆ ಆಂಧ್ರಕ್ಕೆ ಬರಬೇಕು. ಪಾವಗಡ ದಾಟಿದ ಮೇಲೆ, ದೂರದ ಬಯಲಿನಲ್ಲಿ ಸೋಲಾರ್ ಹಲಗೆಗಳು ಬಿಸಿಲಿಗೆ ಹೊಳೆಯುತ್ತಿದ್ದಾಗ, ರೋಗಿಯ ಬೆರಳಿಗೆ ಸಿಕ್ಕಿಸಿದ್ದ ಸಣ್ಣ ಯಂತ್ರದಲ್ಲಿ ಅಂಕೆಗಳು ಆರಿಹೋದವು. ಒಂದು ಕೈಯಲ್ಲಿ ಚೀಲ ಒತ್ತುತ್ತಲೇ ಇನ್ನೊಂದು ಕೈಯಲ್ಲಿ ಕುತ್ತಿಗೆಯ ನಾಡಿ ಹಿಡಿದು ನೋಡಿದೆ. ಇರಲಿಲ್ಲ. ಬಿಟ್ಟು ಮತ್ತೆ ಹಿಡಿದೆ. ಇರಲಿಲ್ಲ. ಕಣ್ಣಿಗೆ ಅಂಟಿಸಿದ್ದ ಟೇಪು ಸ್ವಲ್ಪ ಎತ್ತಿ ಪಾಪೆ ನೋಡಿದೆ. ಅವರು ಹೋಗಿದ್ದರು. ಆ ತಾಯಿ ಆ ಸಣ್ಣ ಯಂತ್ರವನ್ನೇ ನೋಡುತ್ತಿದ್ದರು. ಬ್ಯಾಟರಿ ಮುಗಿಯಿತು ಅನ್ನುತ್ತಾ ಅದನ್ನು ಬೆರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡೆ.

ಕನ್ನಡಿಯಲ್ಲಿ ಡ್ರೈವರು ನನ್ನ ಮುಖ ನೋಡಿದ್ದ. ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. "ಇಲ್ಲು ಚೇರೇದಾಕಾ ಆಪೊದ್ದು ಸಿಸ್ಟರ್" ಅಂದ. ಮನೆ ಸೇರುವ ತನಕ ನಿಲ್ಲಿಸಬೇಡ ಅಂತ. ಆಂಧ್ರದ ರೋಗಿ ಕರ್ನಾಟಕದ ರಸ್ತೆಯಲ್ಲಿ ತೀರಿಕೊಂಡರೆ ಎಲ್ಲಿ ಯಾವ ಪೊಲೀಸರು ಅಡ್ಡಹಾಕುತ್ತಾರೋ ಅನ್ನುವುದು ಅವನ ಭಯ. ಗಾಡಿಯ ವೇಗ ಹೆಚ್ಚಿಸಿದ.

ನಾನು ಒತ್ತುತ್ತಾ ಹೋದೆ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಹೆಂಡತಿ ಸರಿದು ಬಂದು ಗಂಡನ ತಲೆಯ ಹತ್ತಿರ ಕೂತರು. ನಾನು ಮಾತಾಡಿಸಿ ಅಂದಿದ್ದೆನಲ್ಲ, ಈಗ ಮಾತಾಡಿಸಲು ಶುರುಮಾಡಿದರು. ಮೊದಲು ಅಂಗಡಿಯ ವಿಚಾರ, ಆಮೇಲೆ ಮದುವೆ ಊಟದಲ್ಲಿ ಹೋಳಿಗೆ ತಿನ್ನದೆ ಎದ್ದ ವಿಚಾರ. ಆಮೇಲೆ ದನಿ ತಗ್ಗಿಸಿದರು.

"ಏನ್ರೀ, ಮಗಳ್ನ ಮನೀಗೆ ಕರ್ಕಂಬರ್ಲಾ? ಮೂರ್ ಹೊತ್ತೂ ಅದ್ನೇ ನೆನಸ್ಕಂಡು ಕುಂತೀನಿ. ಅವ್ಳು ನೇಯ್ಗೆಯೋರ ಹುಡುಗನ್ನ ಕಟ್ಕಂಡ್ಳು ಅಂತ ಹೊಸ್ಲು ತುಳೀಬಾರ್ದು ಅಂದ್ಬುಟ್ರಿ. ನಿಮ್ ಮಾತು ನಾನು ಮೀರ್ಲಿಲ್ಲ. ಈಗ ಕೇಳ್ತಾ ಅವ್ನಿ. ಕರ್ಕಂಬರ್ಲಾ? ಬ್ಯಾಡ ಅಂದ್ರೆ ಬ್ಯಾಡ. ಒಂದ್ ಕಿತ ತಲೆ ಆಡ್ಸಿ."

ಅಷ್ಟು ಹೇಳಿ ಮುಖವನ್ನೇ ನೋಡುತ್ತಾ ಕೂತರು. ನನ್ನ ಕೈಯಲ್ಲಿ ಚೀಲವಿತ್ತು. ಮುಂದೆ ರಸ್ತೆಯಲ್ಲಿ ಒಂದು ಉಬ್ಬು ಬಂತು, ಗಾಡಿ ಕುಪ್ಪಳಿಸಿತು, ಅದೇ ಹೊತ್ತಿಗೆ ನಾನು ಚೀಲವನ್ನು ಜೋರಾಗಿ ಒತ್ತಿದೆ. ಎದೆ ಎತ್ತರಕ್ಕೆ ಎದ್ದಿತು, ಗದ್ದ ಮೇಲೆ ಹೋಗಿ ಕೆಳಗೆ ಬಂತು. ಯಾರು ನೋಡಿದರೂ ತಲೆ ಆಡಿಸಿದರು ಅನ್ನಬೇಕು, ಹಾಗೆ.

ಉಬ್ಬಿಗೆ ಬೆಚ್ಚಿ ಕೈ ತಾನಾಗಿ ಬಿಗಿಯಿತೋ, ನಾನೇ ಬೇಕೆಂದು ಒತ್ತಿದೆನೋ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ನೇಯ್ಗೆಯವರ ಹುಡುಗ ಅಂದಾಗ ನನ್ನೊಳಗೆ ಏನೋ ಚುರುಕ್ ಅಂದದ್ದು ನಿಜ. ನನ್ನ ಅಣ್ಣತಮ್ಮಂದಿರಂಥ ಒಬ್ಬ ಹುಡುಗನ ಮುಖ ಕಣ್ಣ ಮುಂದೆ ಬಂದದ್ದೂ ನಿಜ. ಕೈಯ ವಿಚಾರ ಮಾತ್ರ ನನಗೆ ಇಂದಿಗೂ ಗೊತ್ತಿಲ್ಲ.

"ಒಪ್ಪಿದ್ರು" ಅಂದರು ಆಕೆ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ಆಮೇಲೆ ನನ್ನ ಮೊಣಕಾಲು ಹಿಡಿದು, "ನೀವೂ ನೋಡಿದ್ರಲ್ಲ ಸಿಸ್ಟರಮ್ಮ?" ಎಂದು ಕೇಳಿದರು.

"ಹೂಂ" ಅಂದೆ.

ಕಲ್ಯಾಣದುರ್ಗದ ಮನೆ ಮುಂದೆ ಜನ ಸೇರಿದ್ದರು. ಸ್ಟ್ರೆಚರನ್ನು ಹೊಸಿಲು ದಾಟಿಸಿ ಪಡಸಾಲೆಯಲ್ಲಿ ಇಳಿಸಿದರು. ನಾನು ಪಕ್ಕದಲ್ಲೇ ಓಡುತ್ತಾ ಒತ್ತುತ್ತಿದ್ದೆ. ಅಯ್ಯನೋರು ವಿಭೂತಿ ಹಚ್ಚಿ ರೋಗಿಯ ಇಷ್ಟಲಿಂಗವನ್ನು ಅವರ ಅಂಗೈಯಲ್ಲಿ ಇಟ್ಟರು. ಅಣ್ಣ, ಹೆಂಡತಿ, ನೆಂಟರಿಷ್ಟರು ಒಬ್ಬೊಬ್ಬರಾಗಿ ತುಟಿಯ ಸಂದಿಯಲ್ಲಿ ತೀರ್ಥ ಬಿಟ್ಟರು. ಅದು ಕೊಳವೆಯ ಪಕ್ಕದಿಂದ ಕೆನ್ನೆಗೆ ಇಳಿಯುತ್ತಿತ್ತು. ಆಮೇಲೆ ನಾನು ಕೊಳವೆ ತೆಗೆದೆ. ಮಣಿಕಟ್ಟು ಹಿಡಿದು ನಾಡಿ ನೋಡುವವಳಂತೆ ಕೂತೆ. ಗಡಿಯಾರ ನೋಡಿದೆ. "ಹೋದ್ರು" ಅಂದೆ. ಯಾವ ನಾಟಕದ ಕಂಪನಿಯಲ್ಲೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ಅಳುವಿನ ನಡುವೆಯೇ ಆಕೆ ಎಲ್ಲರಿಗೂ ಕೇಳುವಂತೆ ಹೇಳಿದರು, ದಾರಿಯಲ್ಲಿ ಅವರು ಮಗಳನ್ನು ಕರೆಸಲು ಒಪ್ಪಿದರು ಅಂತ, ಸಿಸ್ಟರಮ್ಮ ಕಣ್ಣಾರೆ ನೋಡಿದ್ದಾರೆ ಅಂತ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ಆಡಿಸಿದೆ. ಹೊರಗೆ ಬಂದಾಗ ಯಾರೋ ಮಜ್ಜಿಗೆ ತಂದುಕೊಟ್ಟು, ಜೀವ ಮನೆಗೆ ಮುಟ್ಟಿಸಿದಿರಿ, ನಿಮ್ಮ ಋಣ ದೊಡ್ಡದು ಅಂದರು. ಮಜ್ಜಿಗೆಯನ್ನು ಜಗಲಿಯ ಮೇಲೇ ಇಟ್ಟು ಗಾಡಿ ಹತ್ತಿದೆ. ವಾಪಸು ಬರುವಾಗ ಡ್ರೈವರು ಹಾಡು ಹಾಕಿದ. ಆಫ್ ಮಾಡು ಅಂತ ಕಿರುಚಿದೆ. ಸಿಟ್ಟು ತೋರಿಸಲು ಆ ಹೊತ್ತಿಗೆ ನನಗೆ ಸಿಕ್ಕಿದ್ದು ಅವನೊಬ್ಬನೇ.

ಇದಾದ ಕೆಲವು ತಿಂಗಳಿಗೆ ಆಸ್ಪತ್ರೆಯವರು ನರ್ಸುಗಳ ಸಬಲೀಕರಣ ಅಂತ ಒಂದು ತರಬೇತಿ ಇಟ್ಟರು. ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ಒಳ್ಳೆಯ ಸೀರೆ, ಒಳ್ಳೆಯ ಮಾತು. ಇದೂ ಒಂದು ಕಾಲಹರಣ ಎಂದು ನಾನು ಹಿಂದಿನ ಸಾಲಿನಲ್ಲಿ ಕೂತು ಬಟಾಣಿ ತಿನ್ನುತ್ತಿದ್ದೆ. ಸರಿ ಯಾವುದು ಅಂತ ಗೊತ್ತಿದ್ದೂ ಮಾಡಲಾಗದೇ ಹೋದದ್ದು ಏನಾದರೂ ಇದ್ದರೆ ಹೇಳಿ ಅಂದರು ಆಕೆ. ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ, ನಮ್ಮಲ್ಲೆಲ್ಲ ತೀರಾ ಮೆತ್ತಗಿನವಳು, ಕೂತಲ್ಲೇ ಅಳತೊಡಗಿದಳು. ಗೋರಂಟ್ಲದ ಅಜ್ಜಿಯೊಬ್ಬರಿಗೆ, ಉಸಿರು ಹೋದ ಮೇಲೂ ಊರು ಮುಟ್ಟುವ ತನಕ ಒತ್ತಿದೆ, ಆ ಅಜ್ಜಿ ಈಗಲೂ ಕನಸಿನಲ್ಲಿ ಬಂದು ಸಾಕು ಬಿಡು ಅನ್ನುತ್ತಾರೆ ಅಂದಳು.

ನಾನು ಎದ್ದು ನಿಂತೆ. ನಾನೂ ಹೆಣಕ್ಕೆ ಗಾಳಿ ಒತ್ತಿದ್ದೇನೆ ಅಂದೆ. ನನ್ನ ಪಕ್ಕದವಳು ಎದ್ದಳು. ಆಮೇಲೆ ಮುಂದಿನ ಸಾಲಿನಿಂದ ಇಬ್ಬರು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಉಂಡ ನಾವು, ಎಲ್ಲರೂ ಇದನ್ನೇ ಮಾಡಿ, ಯಾರಿಗೂ ಯಾರೂ ಹೇಳದೆ ಇದ್ದೆವು. ಮೇಡಂ ಅವರ ಪಾಠದಲ್ಲಿ ಇದು ಇರಲಿಲ್ಲ ಅಂತ ಕಾಣುತ್ತದೆ.

ಆ ವಾರವೇ ಎಲ್ಲರೂ ಗುಂಪಾಗಿ ಮ್ಯಾನೇಜರ್ ಹತ್ತಿರ ಹೋದೆವು. ಮಾತಾಡಿದವಳು ನಾನು. ಹೊರಡುವ ಮುಂಚೆಯೇ ಡಾಕ್ಟರು ಮನೆಯವರಿಗೆ ಹೇಳಬೇಕು, ದಾರಿಯಲ್ಲಿ ಹೋದರೂ ಹೋಗಬಹುದು ಅಂತ. ಹೋದರೆ ನಾವು ಹೇಳುತ್ತೇವೆ, ಕೈ ನಿಲ್ಲಿಸುತ್ತೇವೆ. ಇದಕ್ಕೆ ಒಪ್ಪದಿದ್ದರೆ ಯಾರೂ ಆಂಬುಲೆನ್ಸ್ ಹತ್ತುವುದಿಲ್ಲ. ಜನ ಬೇರೆ ಆಸ್ಪತ್ರೆಗೆ ಹೋಗುತ್ತಾರೆ ಎಂದು ಅವರು ರೇಗಿದರು. ಹೋಗಲಿ ಬಿಡಿ ಅಂದೆ. ಇನ್‌ಚಾರ್ಜ್ ಸಿಸ್ಟರು ನಮ್ಮ ಹಿಂದೆ ಬಂದು ನಿಂತ ಮೇಲೆ ಮ್ಯಾನೇಜರ್ ದನಿ ಇಳಿಯಿತು. ಆಮೇಲೆ ಒಂದು ಸಲ ರಸ್ತೆಯಲ್ಲೇ ನಾನು ಒಬ್ಬರ ಮಗನಿಗೆ, ನಿಮ್ಮಮ್ಮ ಹೋದರು ಕಣಪ್ಪ ಅಂದೆ. ಗಾಡಿ ನಿಲ್ಲಿಸಿ ಮನೆಯವರೆಲ್ಲ ಹುಣಸೆಮರದ ಕೆಳಗೆ ಅತ್ತರು. ಊರಿನಲ್ಲಿ ಹಿರಿಯರು ಗೊಣಗಿದರು, ಆಮೇಲೆ ತಾಯಿಯನ್ನು ಒಳಗೇ ತಂದು ಮಲಗಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಆಸ್ಪತ್ರೆಯ ಹುಡುಗಿಯರು ನನ್ನನ್ನು ಧೈರ್ಯಸ್ಥೆ ಅನ್ನತೊಡಗಿದರು. ಅಕ್ಕ ಎದ್ದು ನಿಂತಿದ್ದಕ್ಕೇ ಇದೆಲ್ಲ ಆಯಿತು ಅನ್ನುತ್ತಿದ್ದರು. ಅದು ನಿಜವಲ್ಲ, ಮೊದಲು ಅತ್ತವಳು ಲೇಪಾಕ್ಷಿಯ ಹುಡುಗಿ. ಅದಕ್ಕಿಂತ ಹೆಚ್ಚಿನ ವಿಷಯವೆಂದರೆ ನಾನು ಹೇಳಿದ್ದು ಅರ್ಧ ಮಾತ್ರ. ಒತ್ತಿದೆ ಅಂದಿದ್ದೆ. ಆ ತಲೆ ಆಡಿದ ವಿಚಾರ ಯಾರಿಗೂ ಹೇಳಿರಲಿಲ್ಲ. ಹುಡುಗಿಯರು ಹೊಗಳಿದಾಗಲೆಲ್ಲ ಕೆಲಸದ ನೆಪ ಮಾಡಿಕೊಂಡು ಅಲ್ಲಿಂದ ಎದ್ದುಹೋಗುತ್ತಿದ್ದೆ.

ಹೀಗಿರುವಾಗ ಕಲ್ಯಾಣದುರ್ಗದಿಂದ ಆ ತಾಯಿಯ ಫೋನು ಬಂತು. ನನ್ನ ನಂಬರನ್ನು ಅವತ್ತೇ ತೆಗೆದುಕೊಂಡಿದ್ದರು. ಮಗಳಿಗೆ ದಿನ ತುಂಬುತ್ತಿದೆ, ಬಾಣಂತನಕ್ಕೆ ತವರಿಗೆ ಕರೆತರಬೇಕು. ಅವಳ ಗಂಡನ ಮನೆಯಲ್ಲಿ ನೋಡಿಕೊಳ್ಳುವ ಹೆಂಗಸರಿಲ್ಲ. ಇಷ್ಟು ದಿನ ನೋಡೋಣ ಅನ್ನುತ್ತಾ ಬಂದಿದ್ದ ಭಾವನವರು, ಆ ಬಿಗಿಮುಖದ ಯಜಮಾನರು, ಈಗ ಅಡ್ಡ ನಿಂತಿದ್ದಾರೆ. ಅವರಿಗೆ ಏನೋ ಅನುಮಾನ ಹೊಕ್ಕಿದೆ. "ಒಂದ್ ಕಿತ ಬಂದು ನಿಮ್ ಬಾಯಾಗೇ ಹೇಳ್ಬುಡಿ ಸಿಸ್ಟರಮ್ಮ. ನೀವು ಕಂಡಿದ್ದನ್ನೇ ಹೇಳಿ, ಜಾಸ್ತಿ ಏನೂ ಬ್ಯಾಡ" ಅಂದರು.

ರಜೆ ಹಾಕಿ ಬಸ್ಸು ಹತ್ತಿದೆ. ನಿಜ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೆ. ಅಮ್ಮ, ಅವರು ಆಗಲೇ ಹೋಗಿದ್ದರು, ಆಡಿದ್ದು ನನ್ನ ಕೈ ಅಂತ. ಬೇರೆಯವರಿಗೆಲ್ಲ ಈಗ ನಿಜ ಹೇಳುವವಳು ಈಕೆಗೆ ಯಾಕೆ ಹೇಳಬಾರದು? ಮಾತುಗಳನ್ನು ಒಂದರ ಪಕ್ಕ ಒಂದು ಜೋಡಿಸಿಕೊಂಡು ಕೂತಿದ್ದೆ.

ಮನೆ ಮುಂದೆ ಜಗಲಿಯ ಮೇಲೆ ಮಗಳು ಕೂತಿದ್ದಳು. ಅವಳ ಗಂಡ ತಂದು ಬಿಟ್ಟು, ಬೀದಿಯ ಆಚೆ ಬೇವಿನ ಮರದ ಕೆಳಗೆ ನಿಂತಿದ್ದ. ಅವಳದು ತುಂಬಿದ ಹೊಟ್ಟೆ, ಊದಿದ ಪಾದ. ಪಾದ ಅಷ್ಟು ಊದಿದ್ದು ನೋಡಿ ನರ್ಸಿನ ಬುದ್ಧಿ ಮೊದಲು ಬಿಪಿ ನೋಡಬೇಕು ಅಂದುಕೊಂಡಿತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ತಾಯಿ ಒಳಗಿನಿಂದ ನೀರು ತಂದುಕೊಟ್ಟರು.

ಪಡಸಾಲೆಯಲ್ಲಿ ಯಜಮಾನರು ನನ್ನನ್ನು ಚಾಪೆಯ ಮೇಲೆ ಕೂರಿಸಿ ಎದುರಿಗೆ ಕೂತರು. ಬೈಯುತ್ತಾರೆ ಅಂದುಕೊಂಡಿದ್ದೆ. ಮೆಲ್ಲಗೆ ಮಾತಾಡಿದರು.

"ನೋಡವ್ವ, ನನ್ ತಮ್ಮ ಹಟಮಾರಿ. ಅವ್ನು ಒಂದ್ ಮಾತು ಆಡಿದ್ರೆ ಮುಗೀತು. ಆ ಮಗೂನ ನಾನೂ ಎತ್ತಿ ಆಡ್ಸಿದೀನಿ, ನಂಗೇನು ಹೊಟ್ಟೆ ಉರೀದಿಲ್ವಾ? ಆದ್ರೆ ಅವ್ನು ಬ್ಯಾಡ ಅಂದಿದ್ನ ನಾನು ಆಗ್ಲಿ ಅನ್ನಾಕಾಗಲ್ಲ. ಅವ್ನು ಒಪ್ಪಿದ್ದು ದಿಟಾನಾ? ನಿನ್ ಮಾತೇ ಕಡೇದು."

ನಾನು ಬಾಯಿ ತೆರೆದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ನಾಲಿಗೆಯ ಮೇಲೇ ಇತ್ತು. ತೆರೆದ ಬಾಗಿಲಿನಾಚೆ ಆ ಹುಡುಗಿ ಎರಡೂ ಕೈ ಊರಿಕೊಂಡು ಕೂತ ಬೆನ್ನು ಕಾಣುತ್ತಿತ್ತು.

"ಒಪ್ಪಿದ್ರು ದೊಡ್ಡಪ್ಪ. ತಲೆ ಆಡ್ಸಿದ್ರು."

"ಆಗ ಜೀವ ಇತ್ತಾ?"

"ಇತ್ತು."

ಮೊದಲ ಸಲದ ಸುಳ್ಳನ್ನು ಆಸ್ಪತ್ರೆಯ ಮೇಲೆ ಹೊರಿಸಬಹುದು, ಡ್ರೈವರ ಮೇಲೆ, ರಸ್ತೆಯ ಉಬ್ಬಿನ ಮೇಲೆ ಹೊರಿಸಬಹುದು. ಈ ಸಲ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೇಡವೆನಿಸಿದ್ದನ್ನು ಬೇಡವೆನ್ನುವ ಶಕ್ತಿ ನನಗೆ ಬಂದಾಗಿತ್ತು. ಆ ಶಕ್ತಿಯನ್ನೆಲ್ಲ ಸೇರಿಸಿಯೇ ಈ ಸುಳ್ಳು ಹೇಳಿದೆ. ಹೇಳಿದ ಮೇಲೆ ಹಗುರವಾಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿ, ಚಾಪೆಯ ಅಂಚು ನೋಡುತ್ತಾ ಕೂತೆ.

ಯಜಮಾನರು ಎದ್ದು ಬಾಗಿಲಿಗೆ ಹೋದರು. "ಒಳೀಕೆ ಬಾ ತಾಯಿ, ಯಾಕೆ ಬಿಸ್ಲಾಗೆ ಕುಂತಿದೀಯ" ಎಂದು ಕರೆದರು. ಅವರ ದನಿ ಒಡೆಯಿತು. ಬೀದಿಯ ಆಚೆ ನಿಂತವನಿಗೂ ಬಾ ಅಂತ ಕೈ ಮಾಡಿದರು. ಹುಡುಗಿ ಗೋಡೆ ಹಿಡಿದು ಎದ್ದು, ಹೊಸಿಲಿನ ಹತ್ತಿರ ಒಂದು ಗಳಿಗೆ ನಿಂತು, ಒಳಗೆ ಬಂದಳು. ತಾಯಿ ಅವಳನ್ನು ತಬ್ಬಿಕೊಂಡು ಅಡುಗೆಮನೆಯ ಕಡೆ ಕರೆದುಕೊಂಡು ಹೋದರು.

ಇನ್ನು ಹೊರಡೋಣ ಎಂದು ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಚಾಪೆಯಿಂದ ಏಳುವ ಮುಂಚೆಯೇ ಯಜಮಾನರು ಹತ್ತಿರ ಬಂದು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು.

"ಹಿಂದೂಪುರದ ಆಸ್ಪತ್ರೆಯೋರು ಹೆಣಕ್ಕೂ ಗಾಳಿ ಒತ್ಕಂಡು ಬತ್ತಾರೆ ಅಂತ ಯಾರೋ ಹೇಳಿದ್ರು ಕಣಮ್ಮ. ಅಲ್ಲೇ ಕೆಲ್ಸ ಮಾಡೋ ನರ್ಸಮ್ಮ ಒಬ್ಳು ಎಲ್ಲಾರ್ ಮುಂದೆ ಎದ್ದು ನಿಂತು ಒಪ್ಕಂಡ್ಳಂತೆ. ಯಾರೋ ಪುಣ್ಯಾತ್ಗಿತ್ತಿ. ಅದನ್ ಕೇಳಿದಾಗ್ಲಿಂದ ನಂಗೆ ನಿನ್ ಮ್ಯಾಲೆ ಅನುಮಾನ ಬಂದ್ಬುಡ್ತು. ನೀನೂ ಹೆಣಕ್ಕೇ ಒತ್ಕಂಡು ಬಂದೋಳು ಅಂದ್ಕಂಡ್ಬುಟ್ಟಿದ್ದೆ. ವಯಸ್ಸಾದೋನು, ತಪ್ಪಾಯ್ತು, ಮನಸ್ನಾಗೆ ಇಟ್ಕಬ್ಯಾಡ."

ಹಾಗೆಂದವರು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.